ಮೀನು ಮೇವು ಬಿಟ್ಟಿದೆಯೇ? ಔಷಧಿ ಸುರಿಯುವ ಮೊದಲು ಹೆದರಿಕೆಯನ್ನು ಪತ್ತೆಹಚ್ಚಿ

ಒಂದು ವರ್ಷ ಕಾರ್ತಿಕದ ಹೊತ್ತಿಗೆ ನನ್ನ ಇಪ್ಪತ್ತು ಗುಂಟೆ ಹೊಂಡದ ಮೀನುಗಳು ಇದ್ದಕ್ಕಿದ್ದಂತೆ ಮೇವಿಗೆ ಬರುವುದನ್ನು ನಿಲ್ಲಿಸಿದವು. ಅದುವರೆಗೆ ಬಕೆಟ್ಟಿನ ಸದ್ದಾದರೆ ಸಾಕು, ನೀರು ಕುದಿಯುವಂತೆ ಮೇಲೆದ್ದು ಬರುತ್ತಿದ್ದ ಕಾಟ್ಲಾಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಹಾಕಿದ ಹಿಂಡಿ ಹಾಗೆಯೇ ನೆನೆದು ತಳ ಸೇರುತ್ತಿತ್ತು. ರೋಗವೇ ಇರಬೇಕೆಂದು ಅಂಗಡಿಯಿಂದ ಔಷಧಿ ತಂದು ಸುರಿದೆ. ವಾರ ಬಿಟ್ಟು ಇನ್ನೊಂದು ಬಗೆಯದನ್ನು ಸುರಿದೆ. ಮೂರನೆಯ ವಾರ, ಪಕ್ಕದ ಹೊಲದ ಹಿರಿಯರೊಬ್ಬರು ಏರಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಆ ಒಣ ಜಾಲಿಮರದ ಮೇಲೆ ಯಾರು ಕುಳಿತಿದ್ದಾರೆ, ಸ್ವಲ್ಪ ನೋಡಪ್ಪ" ಎಂದರು. ಹನ್ನೊಂದು ನೀರುಕಾಗೆಗಳು ರೆಕ್ಕೆ ಹರವಿಕೊಂಡು ಬಿಸಿಲು ಕಾಯಿಸುತ್ತಿದ್ದವು. ನನ್ನ ಮೀನಿಗೆ ಯಾವ ರೋಗವೂ ಇರಲಿಲ್ಲ. ಅವು ಹೆದರಿದ್ದವು.

ಹೆದರಿದ ಮೀನು ಮೇವು ಬಿಡುತ್ತದೆ, ಆಳಕ್ಕಿಳಿಯುತ್ತದೆ, ಗುಂಪು ಬಿಗಿ ಮಾಡಿಕೊಳ್ಳುತ್ತದೆ, ತಿನ್ನುವ ಹೊತ್ತನ್ನೇ ಬದಲಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಇವೆಲ್ಲ ಕಾಯಿಲೆಯಂತೆಯೇ ಕಾಣುತ್ತವೆ. ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಸಾಕುವವರು ಏನನ್ನು ಮೊದಲು ನೋಡಬೇಕು, ಯಾವುದಕ್ಕೆ ಆಮೇಲೆ ಖರ್ಚು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮೊದಲ ಕೆಲವು ಪರೀಕ್ಷೆಗಳಿಗೆ ಒಂದು ರೂಪಾಯಿಯೂ ಬೇಕಾಗಿಲ್ಲ, ಬೆಳಗ್ಗೆ ಬೇಗ ಏಳಬೇಕು ಅಷ್ಟೆ.

ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆ, ನೆರಳು ಬಿದ್ದರೂ ಓಡುತ್ತಿಲ್ಲ

ಇದು ಹೆದರಿಕೆಯಲ್ಲ. ಇದನ್ನು ಮೊದಲಿಗೇ ಪಕ್ಕಕ್ಕಿಡಬೇಕು, ಏಕೆಂದರೆ ಇಲ್ಲಿ ತಡ ಮಾಡಿದರೆ ಗಂಟೆಗಳಲ್ಲಿ ಹೊಂಡವೇ ಖಾಲಿಯಾಗುತ್ತದೆ. ಸೂರ್ಯ ಹುಟ್ಟುವ ಮೊದಲು ಏರಿಯ ಮೇಲೆ ನಿಂತು ನೀರಿನ ಮೇಲೆ ಕೈಯಾಡಿಸಿ ನೆರಳು ಬೀಳಿಸಿ, ಇಲ್ಲವೇ ಟಾರ್ಚ್ ಬೆಳಕು ಹಾಯಿಸಿ. ಹೆದರಿದ ಮೀನು ಕಣ್ಣು ಮಿಟುಕಿಸುವುದರೊಳಗೆ ಆಳಕ್ಕೆ ಮಾಯವಾಗುತ್ತದೆ. ಉಸಿರು ಕಟ್ಟಿದ ಮೀನಿಗೆ ಓಡುವ ಶಕ್ತಿಯೇ ಇರುವುದಿಲ್ಲ. ಅದು ಅಲ್ಲಿಯೇ ಗುಟುಕರಿಸುತ್ತ ನಿಲ್ಲುತ್ತದೆ.

ರಾತ್ರಿಯೆಲ್ಲ ಪಾಚಿಯೂ ಮೀನೂ ಆಮ್ಲಜನಕ ಬಳಸಿ, ಬೆಳಗಿನ ಜಾವಕ್ಕೆ ಅದು ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ. 3ಕ್ಕಿಂತ ಕೆಳಗಿಳಿದರೆ ಗೆಂಡೆಗಳು ಸಂಕಟಪಡುತ್ತವೆ. ಮೇವು ಮತ್ತು ಸಗಣಿ ಗೊಬ್ಬರ ಕೂಡಲೇ ನಿಲ್ಲಿಸಿ, ಪಂಪು ಹಚ್ಚಿ ಹೊಸ ನೀರನ್ನು ಎತ್ತರದಿಂದ ಚಿಮ್ಮಿಸಿ. ಉಳಿದ ವಿಚಾರಣೆ ಆಮೇಲೆ.

ನೀರು ಚೆನ್ನಾಗಿದೆ, ಮೇವು ಮಾತ್ರ ಉಳಿಯುತ್ತಿದೆ

ಮೊದಲ ಅನುಮಾನ ನಿಮ್ಮ ಮೇಲೆಯೇ ಇರಲಿ. ಕಳೆದ ಎರಡು ಮೂರು ದಿನಗಳಲ್ಲಿ ಬಲೆ ಹಾಕಿದ್ದೀರಾ? ತೂಕ ನೋಡಲೆಂದು ತಿಂಗಳಿಗೊಮ್ಮೆ ಬೀಸುಬಲೆ ಬೀಸುವವರಿಗೆ ಇದು ಗೊತ್ತಿರುವ ಅನುಭವ: ಮರುದಿನ ಮೀನು ಮುಖ ತೋರಿಸುವುದಿಲ್ಲ. ಬಲೆಯ ಗದ್ದಲವೊಂದೇ ಇದಕ್ಕೆ ಕಾರಣವಲ್ಲ.

ಜೇನ್ನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಹಂಚಿಕೊಂಡ ಕಾರ್ಲ್ ಫಾನ್ ಫ್ರಿಶ್, ಅದಕ್ಕೂ ಬಹಳ ಹಿಂದೆ, 1938ರಲ್ಲಿ, ಮೀನಿನ ಬಗ್ಗೆ ಒಂದು ಸಂಗತಿಯನ್ನು ಪ್ರಕಟಿಸಿದ್ದರು. ಗಾಯವಾಗಿದ್ದ ಒಂದು ಮಿನ್ನೊ ಮೀನನ್ನು ಅದರ ಗುಂಪಿನ ನಡುವೆ ಬಿಟ್ಟಾಗ ಉಳಿದವೆಲ್ಲ ದಿಕ್ಕೆಟ್ಟು ಚದುರಿದವು. ಚರ್ಮ ಹರಿದಾಗ ಅದರೊಳಗಿನ ವಿಶೇಷ ಕೋಶಗಳಿಂದ ನೀರಿಗೆ ಒಂದು ವಸ್ತು ಬೆರೆಯುತ್ತದೆ, ಅದರ ವಾಸನೆಯೇ ಉಳಿದ ಮೀನುಗಳಿಗೆ ಅಪಾಯದ ಸುದ್ದಿ. ಅವರು ಅದನ್ನು ಜರ್ಮನ್ ಭಾಷೆಯಲ್ಲಿ ಶ್ರೆಕ್‌ಸ್ಟಾಫ್ ಎಂದು ಕರೆದರು, ನಾವು ಭಯದ ರಸ ಎನ್ನಬಹುದು. ಮಿನ್ನೊ ಯುರೋಪಿನದಾದರೂ ನಮ್ಮ ಕಾಟ್ಲಾ, ರೋಹುಗಳ ದೂರದ ನೆಂಟ. ಗೆಂಡೆಯ ಕುಲ ಮತ್ತು ಅದರ ಬಂಧುಗಳಾದ ಮೀಸೆಮೀನುಗಳ ಚರ್ಮದಲ್ಲೆಲ್ಲ ಈ ಏರ್ಪಾಡು ಇದೆ.

ಹಾಗಾಗಿ ಬಲೆಯಲ್ಲಿ ಹತ್ತು ಮೀನಿನ ಮೈ ತರಚಿದರೆ ಸುದ್ದಿ ಎಲ್ಲಕ್ಕೂ ಮುಟ್ಟುತ್ತದೆ. ಕೊಯ್ದ ಮೀನಿನ ಹುರುಪೆ, ಕರುಳು, ತೊಳೆದ ನೀರನ್ನು ಹೊಂಡಕ್ಕೇ ಚೆಲ್ಲುವ ಅಭ್ಯಾಸವಿದ್ದರೆ ಇಂದೇ ಬಿಡಿ. ಊಟಕ್ಕೆ ಕರೆದು ಬಾಗಿಲಲ್ಲಿ ಹೆಣ ತೋರಿಸಿದಂತಾಗುತ್ತದೆ.

ಇನ್ನೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಮೇವು ಹಾಕುವ ಆಳು ಬದಲಾದನೇ? ಹೊಸ ನಾಯಿ ನೀರಿಗಿಳಿಯುತ್ತಿದೆಯೇ? ಹುಡುಗರು ಕಲ್ಲು ಹೊಡೆಯುತ್ತಿದ್ದಾರೆಯೇ? ಚಳಿ ಹೆಚ್ಚಿದೆಯೇ? ನೀರಿನ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ನಮ್ಮ ಗೆಂಡೆಗಳು ಹೆದರಿಕೆಯಿಲ್ಲದೆಯೂ ತಿನ್ನುವುದನ್ನು ಕಡಿಮೆ ಮಾಡುತ್ತವೆ. ಹತ್ತು ರೂಪಾಯಿಯ ದಾರಕ್ಕೆ ಉಷ್ಣಮಾಪಕ ಕಟ್ಟಿ ಇಳಿಬಿಟ್ಟರೆ ಆ ಸಂಶಯ ಅಲ್ಲಿಗೇ ತೀರುತ್ತದೆ.

ಮಾಡಬೇಕಾದದ್ದು ಇಷ್ಟೆ. ಎರಡು ಮೂರು ದಿನ ಮೇವನ್ನು ಅರ್ಧಕ್ಕೆ ಇಳಿಸಿ, ಒಬ್ಬರೇ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕಿ. ಬಲೆಯಿಂದ ಬಂದ ಭಯ ಅಷ್ಟರಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಮುಂದಕ್ಕೆ ಓದಿ.

ಹಗಲು ಮೇವು ಉಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಖಾಲಿ

ಇಷ್ಟು ಸ್ಪಷ್ಟವಾದ ಸೂಚನೆ ಇನ್ನೊಂದಿಲ್ಲ. ಆದರೆ ಇದನ್ನು ಹಿಡಿಯಲು ಮೇವಿನ ತಟ್ಟೆ ಬೇಕು. ಹಳೆಯ ಅಗಲವಾದ ಪ್ಲಾಸ್ಟಿಕ್ ಬುಟ್ಟಿಗೆ ಹಗ್ಗ ಕಟ್ಟಿ, ಅಳೆದ ತೌಡು ಮತ್ತು ಶೇಂಗಾ ಹಿಂಡಿಯ ಉಂಡೆ ಇಟ್ಟು ನೀರಿನಲ್ಲಿ ಇಳಿಬಿಡಿ. ಬೆಳಗ್ಗೆ ಇಟ್ಟದ್ದನ್ನು ಸಂಜೆ, ಸಂಜೆ ಇಟ್ಟದ್ದನ್ನು ಬೆಳಗ್ಗೆ ಎತ್ತಿ ನೋಡಿ, ಉಳಿದದ್ದನ್ನು ಚೀಟಿಯಲ್ಲಿ ಬರೆದಿಡಿ. ಒಂದು ದಂಡೆಗೆ ಒಂದರಂತೆ ನಾಲ್ಕು ತಟ್ಟೆಗಳಿದ್ದರೆ ಹೊತ್ತಿನ ಜೊತೆಗೆ ದಿಕ್ಕೂ ತಿಳಿಯುತ್ತದೆ.

ರೋಗ ಬಂದ ಮೀನು ಹಗಲಿಗೂ ರಾತ್ರಿಗೂ ಭೇದ ಮಾಡುವುದಿಲ್ಲ, ಎರಡು ಹೊತ್ತೂ ತಿನ್ನುವುದಿಲ್ಲ. ಹೊತ್ತು ನೋಡಿ ತಿನ್ನುವ ಮೀನು ಲೆಕ್ಕ ಹಾಕುತ್ತಿದೆ: ಹಸಿವು ಎಷ್ಟು, ಅಪಾಯ ಎಷ್ಟು. ಹಗಲು ಬಿಟ್ಟು ರಾತ್ರಿ ತಿನ್ನುತ್ತಿದ್ದರೆ ಬೇಟೆಗಾರ ಹಗಲಿನವನು, ಅಂದರೆ ಬಹುಪಾಲು ಹಕ್ಕಿ. ನನ್ನ ಹೊಂಡದಲ್ಲಿ ಜಾಲಿಮರದ ಕಡೆಯ ತಟ್ಟೆ ತುಂಬಿರುತ್ತಿತ್ತು, ಎದುರು ದಂಡೆಯದು ಅರ್ಧ ಖಾಲಿಯಾಗುತ್ತಿತ್ತು. ಮೂರು ವಾರ ಔಷಧಿಗೆ ಸುರಿದ ಹಣದಲ್ಲಿ ಇಂಥ ನೂರು ಬುಟ್ಟಿ ಕೊಳ್ಳಬಹುದಿತ್ತು.

ಯಾವ ಹಕ್ಕಿ ಎಂಬುದನ್ನು ಮೀನಿನ ಗಾಯವೇ ಹೇಳುತ್ತದೆ. ಬೆನ್ನಿನ ಮೇಲೆ ಒಂದೇ ತೂತು, ಚೂಪಾದ ಭರ್ಜಿಯಿಂದ ತಿವಿದಂತೆ ಇದ್ದರೆ ಬಕ. ಮೈಯ ಎರಡೂ ಪಕ್ಕ ಹುರುಪೆ ಕಿತ್ತು ಗೀರು ಬಿದ್ದಿದ್ದರೆ ನೀರುಕಾಗೆ, ಅದರ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಮಿಂಚುಳ್ಳಿ ಗಾಯ ಮಾಡಿ ಬಿಡುವುದು ಅಪರೂಪ. ಮರಿಯನ್ನು ಹಿಡಿದರೆ ನುಂಗಿಯೇ ಬಿಡುತ್ತದೆ, ದೊಡ್ಡ ಮೀನಿನ ತಂಟೆಗೆ ಹೋಗುವುದಿಲ್ಲ. ಬಕ ದಂಡೆಯ ಮೊಣಕಾಲುದ್ದದ ನೀರಿನಲ್ಲಿ ನಿಲ್ಲುವುದರಿಂದ ಮೀನು ನಡುಹೊಂಡಕ್ಕೆ ಸರಿಯುತ್ತದೆ. ನೀರುಕಾಗೆ ಮುಳುಗಿ ಬೆನ್ನಟ್ಟುವುದರಿಂದ ಮೀನಿಗೆ ನಡುಹೊಂಡವೂ ಕ್ಷೇಮವಲ್ಲ, ಅದು ಮೂಲೆ, ಪೊದೆ, ಕೊಳವೆಯ ಸಂದು ಹುಡುಕುತ್ತದೆ. ಮೀನು ಎಲ್ಲಿ ಅಡಗಿದೆ ಎಂಬುದನ್ನು ನೋಡಿಯೇ ಹಕ್ಕಿ ಯಾವುದೆಂದು ಊಹಿಸಬಹುದು.

ಪರಿಹಾರವನ್ನೂ ಅಗ್ಗದಿಂದಲೇ ಆರಂಭಿಸಿ. ಹಕ್ಕಿ ಕೂರುವ ಒಣ ಕೊಂಬೆ, ಹೊಂಡದ ನಡುವಿನ ಗೂಟಗಳನ್ನು ತೆಗೆಯಿರಿ. ಹೊಂಡದ ಅಡ್ಡಕ್ಕೆ ಎರಡು ಮೂರು ಅಡಿಗೆ ಒಂದರಂತೆ ದಪ್ಪ ಬಿಳಿ ದಾರ ಎಳೆಯಿರಿ. ನೀರುಕಾಗೆಗೆ ನೀರಿನಿಂದ ಮೇಲೇಳಲು ಓಡುವಷ್ಟು ಬಯಲು ಬೇಕು, ದಾರವಿದ್ದಲ್ಲಿ ಅದು ಇಳಿಯಲು ಹಿಂಜರಿಯುತ್ತದೆ. ಕಣ್ಣಿಗೆ ಕಾಣದ ತೆಳು ನೈಲಾನ್ ಬಲೆ ಬೇಡ, ಹಕ್ಕಿ ಸಿಕ್ಕಿ ಒದ್ದಾಡಿ ಸಾಯುತ್ತದೆ, ಮೀನು ಇನ್ನಷ್ಟು ಬೆದರುತ್ತದೆ. ಬಿದಿರಿನ ಚೌಕಟ್ಟಿಗೆ ತೆಂಗಿನ ಗರಿ ಹೆಣೆದು ತೇಲಿಬಿಟ್ಟರೆ ಮೀನಿಗೆ ನೆರಳೂ ಆಯಿತು, ಮರೆಯೂ ಆಯಿತು. ಗರಿ ಕೊಳೆಯುವ ಮೊದಲು ಬದಲಿಸಬೇಕು, ಇಲ್ಲದಿದ್ದರೆ ಆಮ್ಲಜನಕ ಕುಸಿದು ಮೊದಲನೆಯ ತೊಂದರೆಗೇ ಮರಳುತ್ತೀರಿ. ಬೆದರುಬೊಂಬೆಯನ್ನು ಎರಡು ದಿನಕ್ಕೊಮ್ಮೆ ಬೇರೆಡೆ ನಿಲ್ಲಿಸದಿದ್ದರೆ ಹಕ್ಕಿ ಅದರ ತಲೆಯ ಮೇಲೆಯೇ ಕೂರುತ್ತದೆ.

ರಂಗನತಿಟ್ಟಿನಲ್ಲಿ ದುಡ್ಡು ಕೊಟ್ಟು ದೋಣಿಯಲ್ಲಿ ಕುಳಿತು ನೋಡುವ ಹಕ್ಕಿಯೇ ನಮ್ಮ ಹೊಂಡಕ್ಕೆ ಬಂದಾಗ ಬಂದೂಕು ನೆನಪಾಗುತ್ತದೆ, ನನಗೂ ಆಗಿತ್ತು. ಹೊಡೆಯಬೇಡಿ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಒಂದು ಹೋದರೆ ಆ ಕೊಂಬೆಗೆ ಇನ್ನೊಂದು ಬರುತ್ತದೆ.

ಗುಂಪು ಬಿಗಿಯಾಗಿದೆ, ಎಲ್ಲವೂ ಒಂದೇ ಕಡೆ ಮುಖ ಮಾಡಿವೆ

ಮೇಲಿನಿಂದ ಬರುವ ಶತ್ರುವಿಗೆ ಮೀನು ಚದುರಿ ಕೆಳಗಿಳಿಯುತ್ತದೆ. ನೀರಿನೊಳಗಿನ ಶತ್ರುವಿಗೆ ಗುಂಪು ಕಟ್ಟುತ್ತದೆ. ನೂರು ಮೀನು ಒಟ್ಟಿಗೆ ತಿರುಗಿದಾಗ ಯಾವುದನ್ನು ಹಿಡಿಯಬೇಕೆಂದು ಬೇಟೆಗಾರನಿಗೆ ಗೊಂದಲವಾಗುತ್ತದೆ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಏರಿಯ ಮೇಲೆ ಅಲುಗಾಡದೆ ಅರ್ಧ ಗಂಟೆ ಕುಳಿತರೆ ಇನ್ನೂ ವಿಚಿತ್ರವಾದದ್ದೊಂದು ಕಾಣಬಹುದು: ಗುಂಪಿನಿಂದ ಒಂದೆರಡು ಮೀನು ಹೊರಬಂದು, ತಡೆತಡೆದು ಮುಂದೆ ಹೋಗಿ, ಏನನ್ನೋ ನೋಡಿ, ತಟ್ಟನೆ ಹಿಂತಿರುಗುತ್ತವೆ. ಇದನ್ನು ಟ್ರಿನಿಡಾಡಿನ ತೊರೆಗಳ ಗಪ್ಪಿಗಳಲ್ಲಿ, ಯುರೋಪಿನ ಸ್ಟಿಕಲ್‌ಬ್ಯಾಕ್ ಮೀನುಗಳಲ್ಲಿ ವಿಜ್ಞಾನಿಗಳು ಬಹುಕಾಲ ಅಧ್ಯಯನ ಮಾಡಿದ್ದಾರೆ. ಬೇಟೆಗಾರ ಯಾರು, ಹಸಿದಿದ್ದಾನೆಯೇ ಎಂದು ತಿಳಿದು ಬರಲು ಹೋಗುವ ಬೇಹುಗಾರರು ಅವರು. ಅವು ಹೋಗಿ ಬಂದ ಜಾಗವನ್ನು ಗುರುತಿಟ್ಟುಕೊಳ್ಳಿ. ನೀವು ಹುಡುಕುತ್ತಿರುವುದು ಅಲ್ಲಿದೆ.

ಕೃಷಿ ಹೊಂಡದಲ್ಲಿ ಅದು ಹೆಚ್ಚಾಗಿ ಕೊರವ ಮೀನು, ಕೆಲವೊಮ್ಮೆ ಬಾಳೆ ಮೀನು, ಅಥವಾ ಯಾರೋ ತಂದು ಬಿಟ್ಟ ಆಫ್ರಿಕನ್ ಕ್ಯಾಟ್‌ಫಿಶ್. ಕೊನೆಯದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ಕೊರವ ಗಾಳಿಯನ್ನೇ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಳುಕ್ ಎಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗಲೇಬೇಕು. ಗಾಳಿ ಬೀಸದ ಮಧ್ಯಾಹ್ನ ಒಂದೇ ಮೂಲೆಯಲ್ಲಿ ಆ ಸದ್ದು ಮತ್ತೆ ಮತ್ತೆ ಕೇಳಿದರೆ ಸಾಕ್ಷಿ ಸಿಕ್ಕಿತು. ದಂಡೆಯ ಹುಲ್ಲಿನ ಬಳಿ ಕೆಂಪು ಮಿಶ್ರಿತ ಮರಿಗಳ ಮುದ್ದೆ ತೇಲುತ್ತಿದ್ದರೆ ಅದು ನಿಮ್ಮ ಹೊಂಡದಲ್ಲಿಯೇ ಸಂಸಾರ ಹೂಡಿದೆ. ತೂಬಿನ ಜಾಲರಿ ಹರಿದಿರಬಹುದು, ಮರಿ ಕೊಂಡಾಗ ಅದರೊಡನೆ ಬಂದಿರಬಹುದು. ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿಯೂ ಅದು ಬರಬಲ್ಲದು.

ಒಂದು ಎರಡು ಇದ್ದರೆ ಕಪ್ಪೆ ಅಥವಾ ಚಿಕ್ಕ ಮೀನು ಸಿಕ್ಕಿಸಿದ ಗಾಳ ಸಾಕು. ಹೆಚ್ಚಿದ್ದರೆ ಈ ಬೆಳೆ ಮುಗಿಯುವವರೆಗೆ ತಾಳಿ, ಹೊಂಡ ಖಾಲಿ ಮಾಡಿದಾಗ ಹಿಪ್ಪೆ ಹಿಂಡಿ ಹಾಕಿ. ಹೆಕ್ಟೇರಿಗೆ, ಒಂದು ಮೀಟರ್ ಆಳದ ನೀರಿಗೆ 2500 ಕೆ.ಜಿ. ಎಂಬುದು ರೂಢಿಯ ಲೆಕ್ಕ. ಹತ್ತು ಗುಂಟೆಗೆ ಸುಮಾರು 250 ಕೆ.ಜಿ. ಆಗುತ್ತದೆ. ಅದರಲ್ಲಿರುವ ಸಪೋನಿನ್ ಕೊರವವನ್ನಷ್ಟೇ ಆರಿಸಿ ಕೊಲ್ಲುವುದಿಲ್ಲ, ಇರುವ ಮೀನನ್ನೆಲ್ಲ ಕೊಲ್ಲುತ್ತದೆ. ಸಾಕಿದ ಮೀನು ಒಳಗಿರುವಾಗ ಸ್ವಲ್ಪ ಹಾಕಿ ನೋಡೋಣ ಎಂಬ ಯೋಚನೆ ಬೇಡ. ವಿಷ ಇಳಿಯಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ದನಕರುಗಳನ್ನು ಆ ನೀರಿಗೆ ಬಿಡಬೇಡಿ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಹೊಂಡಕ್ಕೆ ಸುರಿಯುವವರೂ ಇದ್ದಾರೆ. ಆ ನೀರು ಬಾವಿಗೂ ಇಳಿಯುತ್ತದೆ, ಆ ಮೀನು ತಟ್ಟೆಗೂ ಬರುತ್ತದೆ.

ಸಂಜೆ ದಂಡೆಯ ಹುಲ್ಲಿನಲ್ಲಿ ನೀರೊಳ್ಳೆ ಹಾವು ಕಂಡರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ವಿಷವಿಲ್ಲ, ತಿನ್ನುವುದು ಮರಿಗಳನ್ನು ಮತ್ತು ಕಪ್ಪೆಗಳನ್ನು. ಹುಲ್ಲು ಕೊಯ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಅದೇ ಹುಲ್ಲಿನಲ್ಲಿ ಕೊಳಕುಮಂಡಲವೂ ಇರಬಹುದು, ಬರಿಗಾಲಲ್ಲಿ, ಟಾರ್ಚ್ ಇಲ್ಲದೆ ಹೋಗಬೇಡಿ.

ಮೊದಲು ಹೆದರುತ್ತಿದ್ದವು, ಈಗ ಮೇವಿಗೆ ಬರುತ್ತಿವೆ, ಆದರೂ ಲೆಕ್ಕ ತಪ್ಪುತ್ತಿದೆ

ಅನೇಕರು ಮೋಸ ಹೋಗುವುದು ಇಲ್ಲಿ. ಮೇವು ಖಾಲಿಯಾಗುತ್ತಿದೆ, ತೊಂದರೆ ತೀರಿತು ಎಂದುಕೊಂಡು ಸುಮ್ಮನಾಗುತ್ತಾರೆ. ಹಿಡಿಯುವ ದಿನ ಸಾವಿರ ಬಿಟ್ಟಲ್ಲಿ ನಾಲ್ಕುನೂರು ಸಿಗುತ್ತವೆ.

ಅಪಾಯ ಆಗೊಮ್ಮೆ ಈಗೊಮ್ಮೆ ಬಂದರೆ ಮೀನು ಆ ಹೊತ್ತಿನಲ್ಲಿ ಪೂರ್ತಿ ಅಡಗಿ, ಅದು ಹೋದ ಮೇಲೆ ನೆಮ್ಮದಿಯಾಗಿ ತಿನ್ನಬಹುದು. ಅಪಾಯ ಇಪ್ಪತ್ತನಾಲ್ಕು ಗಂಟೆಯೂ ಇದ್ದರೆ ಎಷ್ಟು ದಿನ ಉಪವಾಸ ಇರಲಾದೀತು? ಕೊನೆಗೆ ಜೀವ ಪಣಕ್ಕಿಟ್ಟು ತಿನ್ನಲು ಬರುತ್ತದೆ. ಸ್ಟೀವನ್ ಲೀಮಾ ಮತ್ತು ಪೀಟರ್ ಬೆಡ್ನೆಕಾಫ್ 1999ರಲ್ಲಿ ಈ ತರ್ಕವನ್ನು ಸಿದ್ಧಾಂತವಾಗಿ ಮುಂದಿಟ್ಟರು. ನಮ್ಮ ಕೆಲಸಕ್ಕೆ ಅದರಿಂದ ಸಿಗುವ ಪಾಠ: ತೀವ್ರ ಹೆದರಿಕೆ ಹೊಸ ಅಥವಾ ಬಂದು ಹೋಗುವ ಬೇಟೆಗಾರನ ಗುರುತು, ಮಂಕಾದ ಹೆದರಿಕೆ ಮನೆ ಮಾಡಿಕೊಂಡವನ ಗುರುತು.

ತಿಳಿಯುವುದು ಹೇಗೆ? ಮಾದರಿ ಹಿಡಿದು ತೂಕ ನೋಡಿ. ಮರಿಗಳೆಲ್ಲ ಕಾಣೆಯಾಗಿ ದೊಡ್ಡವು ಮಾತ್ರ ಉಳಿದಿದ್ದರೆ ನುಂಗುವ ಮೀನು ಒಳಗಿದೆ, ಅದರ ಬಾಯಿಗೆ ಹಿಡಿಯದವು ಮಾತ್ರ ಉಳಿದಿವೆ. ಸಂಖ್ಯೆ ಸರಿಯಿದ್ದು ಚಿಕ್ಕವು ಮಾತ್ರ ಬೆಳೆಯದೆ ನಿಂತಿದ್ದರೆ ಅವು ಅಡಗಿಯೇ ಕಾಲ ಕಳೆಯುತ್ತಿವೆ. ಅಮೆರಿಕದಲ್ಲಿ ಅರ್ಲ್ ವರ್ನರ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆಯೇ ಆಗಿತ್ತು. ಕೊಳಕ್ಕೆ ಬಾಸ್ ಮೀನು ಬಿಟ್ಟಾಗ ಚಿಕ್ಕ ಬ್ಲೂಗಿಲ್‌ಗಳು ಬಯಲಿನ ಒಳ್ಳೆಯ ಮೇವನ್ನು ಬಿಟ್ಟು ಜೊಂಡಿನೊಳಗೆ ಸೇರಿಕೊಂಡವು, ಬೆಳವಣಿಗೆ ಕುಂಠಿತವಾಯಿತು. ಬಾಸ್‌ನ ಬಾಯಿಗೆ ಹಿಡಿಯದ ದೊಡ್ಡವು ಬಯಲಿನಲ್ಲಿಯೇ ಮೇಯುತ್ತಿದ್ದವು. ತಿನ್ನದೆಯೂ ನಷ್ಟ ಮಾಡುವುದು ಎಂದರೆ ಇದೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಮೀನೂ ಉಂಟು: ಯುರೋಪಿನ ಕ್ರೂಷಿಯನ್ ಗೆಂಡೆ, ಪೈಕ್ ಎಂಬ ಬೇಟೆಗಾರ ಇರುವ ಕೊಳದಲ್ಲಿ ಅದರ ಬಾಯಿಗೆ ಹಿಡಿಯದಷ್ಟು ಅಗಲವಾಗಿ ಮೈ ಬೆಳೆಸಿಕೊಳ್ಳುತ್ತದೆ. ಸ್ವೀಡನ್ನಿನ ಕ್ರಿಸ್ಟರ್ ಬ್ರೋನ್‌ಮಾರ್ಕ್ ಮತ್ತು ಜೆಫ್ರಿ ಮೈನರ್ ಇದನ್ನು 1992ರಲ್ಲಿ ತೋರಿಸಿದರು. ನಮ್ಮ ರೋಹುವಿನಿಂದ ಅಂಥ ಉಪಕಾರ ನಿರೀಕ್ಷಿಸಬೇಡಿ.

ಮುಂದಿನ ಸಲ ಮರಿ ಬಿಡುವಾಗ ಎರಡು ಮೂರು ಸೆಂಟಿಮೀಟರಿನ ಅಗ್ಗದ ಮರಿ ಕೊಳ್ಳುವ ಬದಲು ಹತ್ತು ಸೆಂಟಿಮೀಟರ್ ದಾಟಿದ ಬಲಿತ ಮರಿ ಕೊಳ್ಳಿ. ಬೆಲೆ ಹೆಚ್ಚಾದರೂ ಬೇಟೆಗಾರರಲ್ಲಿ ಅರ್ಧಕ್ಕರ್ಧ ಮಂದಿ ಅಲ್ಲಿಗೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ದಂಡೆಯ ಮೇಲೆ ಮೀನಿನ ತಲೆ, ಹುರುಪೆ ತುಂಬಿದ ಹಿಕ್ಕೆ

ನೀರುನಾಯಿ. ನದಿ, ದೊಡ್ಡ ಕಾಲುವೆಯ ಪಕ್ಕದ ಹೊಂಡಗಳಲ್ಲಿ ಇದನ್ನು ನಿರೀಕ್ಷಿಸಬೇಕು. ಗುಂಪಾಗಿ ಬರುತ್ತದೆ, ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ, ಹಸಿ ಮಣ್ಣಿನಲ್ಲಿ ಐದು ಬೆರಳಿನ, ಜಾಲಪಾದದ ಹೆಜ್ಜೆ ಬಿಡುತ್ತದೆ. ಅದು ಬಂದು ಹೋದ ಮರುದಿನ ಇಡೀ ಹೊಂಡ ಸತ್ತಂತೆ ನಿಶ್ಶಬ್ದವಾಗಿರುತ್ತದೆ. ಬೇಲಿಯೇ ಮದ್ದು, ಕೆಳತುದಿಯನ್ನು ಮಣ್ಣಿನಲ್ಲಿ ಒಂದಡಿ ಹೂಳಿದ ಗಟ್ಟಿ ಜಾಲರಿ. ಇದು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಇದಕ್ಕಾಗಿಯೇ ತುಂಗಭದ್ರಾ ನದಿಯ ಒಂದು ಭಾಗವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಬೇಲಿಗೆ ಕರೆಂಟು ಕೊಡುವ ಯೋಚನೆ ಮಾತ್ರ ಬೇಡವೇ ಬೇಡ. ಆ ತಂತಿಗೆ ರಾತ್ರಿ ಮೊದಲು ಸಿಗುವುದು ನೀರು ಹಾಯಿಸಲು ಬಂದ ಮನುಷ್ಯ.

ಏರಿಯ ಮಣ್ಣಿನಲ್ಲಿ ಅಗಲವಾದ ಹೊಟ್ಟೆಯನ್ನು ಎಳೆದುಕೊಂಡು ಹೋದ ಗುರುತು, ಎರಡೂ ಪಕ್ಕ ಉಗುರಿನ ಹೆಜ್ಜೆ ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಕೃಷ್ಣಾ, ತುಂಗಭದ್ರಾ, ಕಾವೇರಿ, ಕಾಳಿ ನದಿಗಳ ಬಳಿ ಮೊಸಳೆ ಹೊಂಡಕ್ಕೆ ಬರುವುದು ಅಸಾಧ್ಯವೇನಲ್ಲ. ಯಾರೂ ನೀರಿಗಿಳಿಯಬಾರದು, ದನವನ್ನೂ ಬಿಡಬಾರದು, ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ.

ಸುಮ್ಮಸುಮ್ಮನೆ ನೆಗೆಯುತ್ತವೆ, ಗೂಟಕ್ಕೆ ಮೈ ಉಜ್ಜುತ್ತವೆ

ಬೆದರಿ ನೆಗೆಯುವ ಮೀನು ಒಟ್ಟಾಗಿ ನೆಗೆದು ಒಟ್ಟಾಗಿ ಸುಮ್ಮನಾಗುತ್ತದೆ. ಒಂದೊಂದೇ ಮೀನು ಹೊತ್ತುಗೊತ್ತಿಲ್ಲದೆ ನೆಗೆದು ಮೈ ಉಜ್ಜುತ್ತಿದ್ದರೆ ಮೀನು ಹೇನು. ಹಿಡಿದು ರೆಕ್ಕೆಯ ಬುಡ ನೋಡಿ, ಚಪ್ಪಟೆಯಾದ ಹುಳು ಬರಿಗಣ್ಣಿಗೆ ಕಾಣುತ್ತದೆ. ಔಷಧಿ ಬೇಕಾಗುವುದು ಇಲ್ಲಿ, ಅದನ್ನೂ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಹಾಕಬೇಕು.

ಯಾವಾಗ ಕೈ ಬಿಟ್ಟು ಸಹಾಯ ಕೇಳಬೇಕು

ದಿನವೂ ಸತ್ತ ಮೀನು ತೇಲುತ್ತಿದ್ದರೆ, ಮೈಮೇಲೆ ಕೆಂಪು ಹುಣ್ಣು ಹರಡುತ್ತಿದ್ದರೆ, ಹಕ್ಕಿ ಕುಕ್ಕಿದ ಗಾಯಕ್ಕೆ ಹತ್ತಿಯಂಥ ಬೂಷ್ಟು ಹಿಡಿದಿದ್ದರೆ, ಅಥವಾ ತಟ್ಟೆಯ ಲೆಕ್ಕ ಒಂದು ವಾರ ಬರೆದ ಮೇಲೂ ಹಗಲು ರಾತ್ರಿ ಎರಡೂ ಹೊತ್ತು ಮೇವು ಉಳಿಯುತ್ತಿದ್ದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ. ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಪ್ಲಾಸ್ಟಿಕ್ ಹಾಸಿನ ಹೊಂಡದವರಿಗೆ ಒಂದು ಮಾತು. ಪಾಚಿ ಹಿಡಿದ ಆ ಇಳಿಜಾರಿನಲ್ಲಿ ಜಾರಿದವರು ಈಜು ಬಂದರೂ ಮೇಲೆ ಹತ್ತಲಾರರು. ಗಂಟು ಹಾಕಿದ ಹಗ್ಗವನ್ನು ನಾಲ್ಕೂ ಕಡೆ ನೀರಿನವರೆಗೆ ಇಳಿಬಿಟ್ಟು, ಗಾಳಿ ತುಂಬಿದ ಟ್ಯೂಬೊಂದನ್ನು ತೇಲಿಬಿಟ್ಟು, ಸುತ್ತ ಬೇಲಿ ಹಾಕಿದ ಮೇಲೆಯೇ ತಟ್ಟೆ ಎತ್ತುವ ಕೆಲಸಕ್ಕೆ ಇಳಿಯಿರಿ. ರಾತ್ರಿ ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕಳಿಸಬೇಡಿ.

ಕಚೇರಿಗೆ ಹೋಗುವಾಗ ಸತ್ತು ಊದಿದ ಮೀನು ಒಯ್ದರೆ ಯಾರೂ ಏನೂ ಹೇಳಲಾರರು. ನರಳುತ್ತಿರುವ, ಇನ್ನೂ ಜೀವವಿರುವ ಎರಡು ಮೀನನ್ನು ಹೊಂಡದ ನೀರಿನಲ್ಲಿಯೇ ಹಾಕಿ ಒಯ್ಯಿರಿ. ಬೇರೆ ಸೀಸೆಯಲ್ಲಿ ಒಂದು ಲೀಟರ್ ನೀರು, ಮರಿ ಬಿಟ್ಟ ದಿನಾಂಕ ಮತ್ತು ಸಂಖ್ಯೆ, ಸುರಿದ ಔಷಧಿಯ ಖಾಲಿ ಡಬ್ಬಿ, ಜೊತೆಗೆ ಆ ತಟ್ಟೆಯ ಚೀಟಿ. ನನ್ನನ್ನು ಕೇಳಿದರೆ ಮೊದಲು ಮೇಜಿನ ಮೇಲಿಡಬೇಕಾದದ್ದು ಆ ಚೀಟಿಯೇ.